ಕಾನು ಓಡುತ್ತಿರಲಿಲ್ಲ

2000ನೇ ಇಸವಿಯ ಮಾರ್ಚ್. ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್‌ಗೂ ಸ್ಪೇನಿನ ಡೆಪೊರ್ಟಿವೊ ತಂಡಕ್ಕೂ ಪಂದ್ಯ. ನೈಜೀರಿಯಾದ ನ್ವಾಂಕ್ವೊ ಕಾನು ಚೆಂಡು ತಳ್ಳಿಕೊಂಡು ಗೋಲ್‌ಕೀಪರ್ ಎದುರಿಗೆ ಒಬ್ಬನೇ ಬಂದಿದ್ದಾನೆ. ಕೀಪರ್ ಕ್ಯಾಮರೂನಿನ ಜಾಕ್ ಸೊಂಗೊ, ಎಷ್ಟೋ ಕಂಡವನು, ಪಳಗಿದವನು. ಇಂಥ ಹೊತ್ತಿನಲ್ಲಿ ಬೇರೆ ಯಾರೇ ಆದರೂ ಜೋರಾಗಿ ಒದೆಯುತ್ತಾರೆ, ಇಲ್ಲವೇ ಪಕ್ಕಕ್ಕೆ ಎಳೆದುಕೊಂಡು ಓಡುತ್ತಾರೆ. ಕಾನು ಎರಡನ್ನೂ ಮಾಡಲಿಲ್ಲ. ಉದ್ದನೆಯ ಕಾಲನ್ನು ಚೆಂಡಿನ ಮೇಲಿಂದ ಸುಮ್ಮನೆ ಹಾಯಿಸಿದ. ಚೆಂಡಿಗೆ ತಾಗಿಸಲೇ ಇಲ್ಲ. ಅಷ್ಟಕ್ಕೇ ಸೊಂಗೊ ಒಂದು ಕಡೆಗೆ ಬಿದ್ದುಬಿಟ್ಟ. ಬಿದ್ದವನ ಪಕ್ಕದಿಂದ ಕಾನು ಚೆಂಡನ್ನು ಒಳಗೆ ಉರುಳಿಸಿದ. ಆರ್ಸೆನಲ್ ಆ ದಿನ 5-1ರಲ್ಲಿ ಗೆದ್ದಿತು. ಉಳಿದ ನಾಲ್ಕು ಗೋಲು ಯಾರು ಹೊಡೆದರೆಂದು ಕೇಳಿದರೆ ನಾನು ತಡವರಿಸುತ್ತೇನೆ.

ಆ ಗೋಲನ್ನು ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಯೂಟ್ಯೂಬಿನಲ್ಲಿ. ಆಗಿನ ಕಾಲಕ್ಕೆ ಶನಿವಾರ ಸಂಜೆಯ ಇಂಗ್ಲಿಷ್ ಲೀಗ್ ನೋಡುವುದಕ್ಕೇ ಕೇಬಲ್‌ನವನ ಕೃಪೆ ಬೇಕಿತ್ತು. ವಾರದ ನಡುವಿನ ಯುರೋಪಿನ ಪಂದ್ಯಗಳನ್ನು ಕೇಳುವವರೇ ಇರಲಿಲ್ಲ. ಕ್ರಿಕೆಟ್ ಇದ್ದ ದಿನವಂತೂ ಮುಗಿದೇ ಹೋಯಿತು. ಆದರೂ ಸಿಕ್ಕಷ್ಟರಲ್ಲಿ ಕಾನುವನ್ನು ನೋಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಈ ಮನುಷ್ಯ ಓಡುವುದೇ ಇಲ್ಲವಲ್ಲ. ಆರೂವರೆ ಅಡಿ ಹತ್ತಿರದ ಆಳು. ಮೈದಾನದಲ್ಲಿ ಸಂತೆಗೆ ಬಂದವನ ಹಾಗೆ ನಡೆಯುತ್ತಿದ್ದ, ಚೆಂಡು ಕಾಲಿಗೆ ಸಿಕ್ಕ ಮೇಲೂ ಅವಸರ ಅನ್ನುವುದು ಇರಲಿಲ್ಲ. ಸೋಮಾರಿ ಅಂದವರಿದ್ದಾರೆ. ಹೃದಯದ ಶಸ್ತ್ರಚಿಕಿತ್ಸೆಯ ಸುದ್ದಿ ಗೊತ್ತಿದ್ದವರು "ಪಾಪ, ಓಡಬಾರದು ಅಂತ ಡಾಕ್ಟರು ಹೇಳಿರಬೇಕು" ಅನ್ನುತ್ತಿದ್ದರು. ಅದೂ ಸರಿಯಲ್ಲ. ಶಸ್ತ್ರಚಿಕಿತ್ಸೆಗೆ ಮೊದಲಿನ ಪಂದ್ಯಗಳನ್ನು ಹುಡುಕಿ ನೋಡಿ, ಅಲ್ಲೂ ಇದೇ ನಡಿಗೆ.

ಕಾನು ಹುಟ್ಟಿದ್ದು 1976ರಲ್ಲಿ, ನೈಜೀರಿಯಾದ ಆಗ್ನೇಯ ಮೂಲೆಯ ಓವೆರಿಯಲ್ಲಿ. ಇಗ್ಬೊ ಜನರ ಸೀಮೆ, ಬೇರೆ ದೇಶ ಬೇಕೆಂದು ಅವರು ಹೋರಾಡಿದ ಬಿಯಾಫ್ರಾ ಯುದ್ಧದಲ್ಲಿ ನಲುಗಿದ ಊರು. ಯುದ್ಧ ಮುಗಿದು ಇವನು ಹುಟ್ಟುವ ಹೊತ್ತಿಗೆ ಆರು ವರ್ಷ ಆಗಿತ್ತಷ್ಟೇ. ಊರಿನ ಇವುವಾನ್ಯಾನ್ವು ನ್ಯಾಷನಲ್ ಕ್ಲಬ್ಬಿಗೆ ಆಡುತ್ತಿದ್ದವನನ್ನು 1993ರಲ್ಲಿ ಜಪಾನಿನಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿಗೆ ಕಳಿಸಿದರು. ಫೈನಲ್‌ನಲ್ಲಿ ನೈಜೀರಿಯಾ ಘಾನಾವನ್ನು 2-1ರಲ್ಲಿ ಸೋಲಿಸಿತು. ಇಂಥ ಕಿರಿಯರ ಕೂಟಗಳು ನೋಡುವವರಿಗೆ ಆಟ, ಯುರೋಪಿನ ಕ್ಲಬ್ಬುಗಳ ದಲ್ಲಾಳಿಗಳಿಗೆ ಪೇಟೆ. ಆಮ್‌ಸ್ಟರ್‌ಡಾಮಿನ ಅಯಾಕ್ಸ್ ಆ ವರ್ಷವೇ ಹುಡುಗನನ್ನು ಎತ್ತಿಕೊಂಡು ಹೋಯಿತು.

ಅಯಾಕ್ಸ್ ಅವನಿಗೆ ಹೇಳಿ ಮಾಡಿಸಿದ ಜಾಗ. ಲೂಯಿ ವಾನ್ ಗಾಲ್ ತರಬೇತುದಾರ, ತಂಡದ ತುಂಬ ಇಪ್ಪತ್ತರ ಆಸುಪಾಸಿನ ಹುಡುಗರು: ಸೀಡಾರ್ಫ್, ಡೇವಿಡ್ಸ್, ಕ್ಲೈವರ್ಟ್, ಡಿ ಬೋರ್ ಅವಳಿಗಳು, ಜೊತೆಗೆ ನೈಜೀರಿಯಾದವನೇ ಆದ ಫಿನಿದಿ ಜಾರ್ಜ್. ಓಡುವುದಕ್ಕಿಂತ ನಿಲ್ಲುವ ಜಾಗ ಮುಖ್ಯ ಅನ್ನುವ ಪಾಠ ಅಲ್ಲಿಯದು. 1995ರ ಮೇ 24ರಂದು ವಿಯೆನ್ನಾದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಎದುರಿಗೆ ಮಿಲಾನ್. ದ್ವಿತೀಯಾರ್ಧದಲ್ಲಿ ಸೀಡಾರ್ಫ್ ಬದಲಿಗೆ ಕಾನು ಇಳಿದ. ಅವನಾದ ಮೇಲೆ ಇಳಿದ ಕ್ಲೈವರ್ಟ್ 85ನೇ ನಿಮಿಷದಲ್ಲಿ ಗೋಲು ಹೊಡೆದ. ಒಂದೇ ಗೋಲಿನ ಪಂದ್ಯ. ಹತ್ತೊಂಬತ್ತು ತುಂಬುವ ಮೊದಲೇ ಯುರೋಪಿನ ಅತಿ ದೊಡ್ಡ ಕಪ್ಪು ಕಾನುವಿನ ಕೈಯಲ್ಲಿತ್ತು.

ಮರುವರ್ಷದ ಅಟ್ಲಾಂಟಾ ಒಲಿಂಪಿಕ್ಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಫುಟ್‌ಬಾಲ್ ಸೆಮಿಫೈನಲ್ ನಡೆದದ್ದು ಅಟ್ಲಾಂಟಾದಲ್ಲಲ್ಲ, ಅದೇ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ. ನೈಜೀರಿಯಾದ ನಾಯಕ ಕಾನು. ಎದುರಿಗೆ ಬ್ರೆಜಿಲ್, ಅದರಲ್ಲಿ ರೊನಾಲ್ಡೊ, ರಿವಾಲ್ಡೊ, ಬೆಬೆಟೊ, ರೊಬೆರ್ಟೊ ಕಾರ್ಲೋಸ್. ವಿರಾಮದ ಹೊತ್ತಿಗೆ ಬ್ರೆಜಿಲ್ 3-1 ಮುಂದೆ. ಆಮೇಲೆ ನೈಜೀರಿಯಾದ ಒಕೋಚಾ ಪೆನಾಲ್ಟಿಯನ್ನೂ ಕಳೆದ. ಕೊನೆಗೆ ಇಕ್ಪೆಬಾ ಒಂದು ಗೋಲು ಹಿಂದಿರುಗಿಸಿದ. ತೊಂಬತ್ತನೇ ನಿಮಿಷ. ಗೋಲಿನ ಬಾಯಲ್ಲೇ ಗುಂಪಿನ ನಡುವೆ ಚೆಂಡು ಕಾನುವಿನ ಕಾಲಿಗೆ ಸಿಕ್ಕಿತು. ಅವನ ಬೆನ್ನು ಗೋಲಿನ ಕಡೆಗಿದೆ, ಕೀಪರ್ ಡೀಡಾ ಮೈಮೇಲೆ ಬರುತ್ತಿದ್ದಾನೆ. ಆ ಗಡಿಬಿಡಿಯಲ್ಲಿ ಕಾನು ಚೆಂಡನ್ನು ಕಾಲ್ಬೆರಳಿನಿಂದ ಮೇಲಕ್ಕೆ ಚಿಮ್ಮಿಸಿ, ತಿರುಗಿ, ನೆಲ ಮುಟ್ಟುವ ಮೊದಲೇ ಬಲೆಗೆ ತಳ್ಳಿದ. 3-3. ಹೆಚ್ಚುವರಿ ಆಟದಲ್ಲಿ ಮೊದಲ ಗೋಲು ಹೊಡೆದವರೇ ಗೆದ್ದಂತೆ ಅನ್ನುವ 'ಗೋಲ್ಡನ್ ಗೋಲ್' ನಿಯಮ ಆಗ ಇತ್ತು. ಹೆಚ್ಚುವರಿ ಆಟ ಶುರುವಾಗಿ ನಾಲ್ಕೇ ನಿಮಿಷಕ್ಕೆ ಕಾನು ಇನ್ನೊಂದು ಹೊಡೆದ. ಫೈನಲ್‌ನಲ್ಲಿ ಅರ್ಜೆಂಟೀನಾವನ್ನು 3-2ರಲ್ಲಿ ಸೋಲಿಸಿ ನೈಜೀರಿಯಾ ಚಿನ್ನ ಗೆದ್ದಿತು. ಒಲಿಂಪಿಕ್ ಫುಟ್‌ಬಾಲ್ ಚಿನ್ನ ಆಫ್ರಿಕಾಕ್ಕೆ ಬಂದದ್ದು ಅದೇ ಮೊದಲು.

ಅಮೆರಿಕದ ದಕ್ಷಿಣ ರಾಜ್ಯಗಳ ಜುಲೈ ಬಿಸಿಲು, ಬೆವರು, ಎರಡು ವಾರದಲ್ಲಿ ಆರು ಪಂದ್ಯ. ಇಷ್ಟನ್ನೂ ಅವನು ಆಡಿ ಮುಗಿಸಿದ್ದು ಸರಿಯಾಗಿ ಮುಚ್ಚದ ವಾಲ್ವ್ ಇದ್ದ ಹೃದಯದಿಂದ.

ಒಲಿಂಪಿಕ್ಸ್‌ಗೆ ಮೊದಲೇ ಮಿಲಾನ್ ನಗರದ ಇಂಟರ್ ಕ್ಲಬ್ ಅವನನ್ನು ಕೊಳ್ಳುವ ಮಾತಾಗಿತ್ತು. ಚಿನ್ನದ ಪದಕ ತೊಟ್ಟು ಹೋದವನನ್ನು ಇಟಲಿಯ ವೈದ್ಯರು ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿದರು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಬಾಯಲ್ಲಿರುವ ವಾಲ್ವ್ ಸೋರುತ್ತಿದೆ ಅಂದರು. ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾವಿಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸವೆದರೆ ಮೇಲೆತ್ತಿದ ನೀರಲ್ಲಿ ಒಂದಷ್ಟು ಹಿಂದಕ್ಕೆ ಇಳಿಯುತ್ತದೆ, ಅಷ್ಟೇ ನೀರಿಗೆ ಮೋಟಾರು ಹೆಚ್ಚು ದುಡಿಯಬೇಕಾಗುತ್ತದೆ, ದುಡಿದು ದುಡಿದು ಒಂದು ದಿನ ಸುಟ್ಟುಹೋಗುತ್ತದೆ. ಹೃದಯವೂ ಹಾಗೇ ಹೆಚ್ಚು ಒತ್ತಿ ಒತ್ತಿ ಹಿಗ್ಗುತ್ತದೆ. ವಯಸ್ಸಿನ ಹುಡುಗನಲ್ಲಿ ಬಹಳ ಕಾಲ ಏನೂ ಗೊತ್ತಾಗುವುದಿಲ್ಲ. ಆಟಗಾರನಲ್ಲಂತೂ, ಅಭ್ಯಾಸದಿಂದ ಹೃದಯ ದೊಡ್ಡದಾಗುವುದು ಸಹಜವೇ ಆದ್ದರಿಂದ, ಯಾವುದು ಆರೋಗ್ಯ ಯಾವುದು ರೋಗ ಅಂತ ಬೇರ್ಪಡಿಸುವುದೇ ಕಷ್ಟ.

ಇಟಲಿಯ ವೈದ್ಯರ ಕಣ್ಣಿಗೆ ಇದು ಬಿದ್ದದ್ದು ಆಕಸ್ಮಿಕವಲ್ಲ. ಸ್ಪರ್ಧೆಯಲ್ಲಿ ಆಡುವ ಪ್ರತಿಯೊಬ್ಬನಿಗೂ ಇಸಿಜಿ ಸಮೇತ ವೈದ್ಯಕೀಯ ತಪಾಸಣೆ ಆಗಲೇಬೇಕೆಂದು ಆ ದೇಶ 1982ರಲ್ಲೇ ಕಡ್ಡಾಯ ಮಾಡಿತ್ತು. ಹಳ್ಳಿಯ ಕ್ಲಬ್ಬಿನಲ್ಲಿ ಆಡುವವನಾದರೂ ಸರಿ, ಪ್ರಮಾಣಪತ್ರ ಇಲ್ಲದೆ ಮೈದಾನಕ್ಕೆ ಇಳಿಯುವಂತಿಲ್ಲ. ಇಂಥ ಶಿಸ್ತು ಬೇರೆಡೆ ಆಗ ಅಪರೂಪ. ಆಮ್‌ಸ್ಟರ್‌ಡಾಮಿನ ಮೂರು ವರ್ಷ, ಜಪಾನು, ಅಮೆರಿಕ ಎಲ್ಲ ದಾಟಿ ಬಂದ ದೋಷ ಮಿಲಾನಿನಲ್ಲಿ ಸಿಕ್ಕಿಬಿತ್ತು.

ಕಾನುವಿನ ಕಥೆಯನ್ನು ಸಾಮಾನ್ಯವಾಗಿ ಪವಾಡವೆಂದು ಹೇಳುತ್ತಾರೆ. ಅವನೂ ಹಾಗೆಯೇ ನಂಬಿದ್ದಾನೆ, ದೇವರು ಉಳಿಸಿದ ಅನ್ನುತ್ತಾನೆ. ಅವನ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನನ್ನು ಕಾಡುವುದು ಬೇರೆ. ಅವನ ಎದೆಗೆ ಯಂತ್ರ ಹಿಡಿದದ್ದು ಅವನನ್ನು ಕೊಳ್ಳುತ್ತಿದ್ದರು ಅನ್ನುವ ಕಾರಣಕ್ಕೆ. ಹಾಕುವ ದುಡ್ಡಿಗೆ ಮಾಲು ಗಟ್ಟಿ ಇದೆಯೇ ಎಂದು ನೋಡುವ ತಪಾಸಣೆ ಅದು. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವವರನ್ನು ಕಂಡ ನಮಗೆ ಇದರಲ್ಲಿ ಹೊಸದೇನಿಲ್ಲ. ಆಫ್ರಿಕಾದ ಹುಡುಗರ ಮೈಯನ್ನು ಹೀಗೆ ತೂಗಿ ನೋಡುವ ಯುರೋಪಿನ ಚಟದ ಬಗ್ಗೆ ಸಿಟ್ಟು ಬರಲು ಕಾರಣಗಳಿವೆ, ನನಗೂ ಬರುತ್ತದೆ. ಆದರೆ ಅದೇ ತೂಗುವಿಕೆ ಇವನ ಜೀವ ಉಳಿಸಿತು. ಓವೆರಿಯಲ್ಲೇ ಉಳಿದ, ಇವನಷ್ಟೇ ಚೆನ್ನಾಗಿ ಆಡುತ್ತಿದ್ದ, ಇಂಥದೇ ವಾಲ್ವ್ ಇದ್ದ ಇನ್ನೊಬ್ಬ ಹುಡುಗನಿಗೆ ಯಾರು ಎಕೊ (ಹೃದಯದ ಸ್ಕ್ಯಾನ್) ಮಾಡಿಸುತ್ತಿದ್ದರು?

ನೈಜೀರಿಯಾದವರಿಗೆ ಇದು ಬರೀ ಊಹೆಯ ಪ್ರಶ್ನೆಯಲ್ಲ. 1989ರ ಆಗಸ್ಟ್ 12ರಂದು ಲಾಗೋಸಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಅಂಗೋಲಾ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯದ 77ನೇ ನಿಮಿಷದಲ್ಲಿ ಸ್ಯಾಮುಯೆಲ್ ಒಕ್ವರಾಜಿ ಕುಸಿದುಬಿದ್ದ. ವಯಸ್ಸು 25. ರೋಮಿನಲ್ಲಿ ಕಾನೂನು ಓದಿದವನು, ಯುರೋಪಿನ ಕ್ಲಬ್ಬುಗಳಲ್ಲಿ ಆಡುತ್ತಿದ್ದವನು, ದೇಶದ ಅಂಗಿ ತೊಡಲು ಬಂದಿದ್ದ. ಮತ್ತೆ ಏಳಲಿಲ್ಲ. ಹೃದಯ ಹಿಗ್ಗಿತ್ತು, ರಕ್ತದೊತ್ತಡ ವಿಪರೀತ ಇತ್ತು ಅನ್ನುವುದು ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು. ಕಾನು ಆಗ ಹದಿಮೂರರ ಹುಡುಗ. ಕ್ಯಾಮರೂನಿನ ಮಾರ್ಕ್ ವಿವಿಯನ್ ಫೊಯೆ ಹೋದದ್ದು 2003ರ ಜೂನ್ 26ರಂದು, ಫ್ರಾನ್ಸಿನ ಲಿಯಾನ್‌ನಲ್ಲಿ, ಕೊಲಂಬಿಯಾ ವಿರುದ್ಧದ ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್‌ನಲ್ಲಿ. ಅವನಿಗೆ 28. ಹೃದಯದ ಸ್ನಾಯು ದಪ್ಪಗಾಗುವ, ವಂಶದಲ್ಲಿ ಹರಿದು ಬರುವ ಕಾಯಿಲೆ. ಆ ಪಂದ್ಯವನ್ನು ಟಿವಿಯಲ್ಲಿ ನೋಡಿದವರು ಅವನ ಮೇಲಕ್ಕೆ ತಿರುಗಿದ ಕಣ್ಣುಗಳನ್ನು ಮರೆತಿರಲಿಕ್ಕಿಲ್ಲ. ಮೈದಾನದ ನಡುವೆ, ಅಕ್ಕಪಕ್ಕ ಯಾರೂ ಇರಲಿಲ್ಲ, ಯಾರೂ ತಾಗಲೂ ಇಲ್ಲ, ನಿಂತಲ್ಲೇ ಬಿದ್ದ. ಅದೇ ವಸಂತದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಹಳೆಯ ಮೇನ್ ರೋಡ್ ಮೈದಾನದಲ್ಲಿ ಆ ಕ್ಲಬ್ಬಿನ ಕಟ್ಟಕಡೆಯ ಗೋಲು ಹೊಡೆದಿದ್ದವನು ಅವನೇ. ಅವನ 23ನೇ ಸಂಖ್ಯೆಯ ಅಂಗಿಯನ್ನು ಸಿಟಿ ಆಮೇಲೆ ಯಾರಿಗೂ ಕೊಡಲಿಲ್ಲ.

ಕಾನುವಿನ ಆಟ ಮುಗಿಯಿತು ಅಂತ ಇಟಲಿಯಲ್ಲಿ ಹೇಳಿಬಿಟ್ಟಿದ್ದರು. ಆದರೆ ಇಂಟರ್ ಅವನನ್ನು ಬೀದಿಗೆ ಬಿಡಲಿಲ್ಲ, ಆ ಮಟ್ಟಿಗೆ ಕ್ಲಬ್ಬಿನ ಅಧ್ಯಕ್ಷ ಮಾಸ್ಸಿಮೊ ಮೊರಾಟ್ಟಿಯನ್ನು ನೆನೆಯಬೇಕು. 1996ರ ನವೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಎದೆ ತೆರೆದು ವಾಲ್ವ್ ಸರಿಮಾಡಿದರು. ಮರುವರ್ಷ ಅವನು ಮತ್ತೆ ಆಡಲು ಬಂದ. ಬಂದವನಿಗೆ ಜಾಗ ಎಲ್ಲಿ? ಅಥೆನ್ಸಿನಲ್ಲಿ ಎದುರು ತಂಡದಲ್ಲಿದ್ದ ಅದೇ ರೊನಾಲ್ಡೊನನ್ನು ಇಂಟರ್ 1997ರ ಬೇಸಿಗೆಯಲ್ಲಿ ಕೊಂಡು ತಂದಿತ್ತು. ಕಾನು ಬೆಂಚಿನಲ್ಲಿ ಕೂತ. ಇಂಟರ್ ಪರವಾಗಿ ಇಟಲಿಯ ಲೀಗಿನಲ್ಲಿ ಅವನು ಹೊಡೆದದ್ದು ಒಂದೇ ಗೋಲು.

1999ರ ಆರಂಭದಲ್ಲಿ ಆರ್ಸೆನಲ್‌ನ ಆರ್ಸೆನ್ ವೆಂಗರ್ 40 ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಅವನನ್ನು ಕರೆಸಿಕೊಂಡಾಗ ಇಂಗ್ಲೆಂಡಿನಲ್ಲಿ ಹುಬ್ಬೇರಿಸಿದವರೇ ಹೆಚ್ಚು. ಮೊದಲ ಪಂದ್ಯದಲ್ಲೇ ರಾದ್ಧಾಂತ. ಫೆಬ್ರವರಿ 13, ಎಫ್‌ಎ ಕಪ್, ಎದುರಿಗೆ ಶೆಫೀಲ್ಡ್ ಯುನೈಟೆಡ್, 1-1. ಶೆಫೀಲ್ಡಿನ ಆಟಗಾರನೊಬ್ಬ ಪೆಟ್ಟಾಗಿ ಬಿದ್ದ. ಅವರ ಕೀಪರ್ ಚೆಂಡನ್ನು ಬೇಕೆಂದೇ ಹೊರಗೆ ಒದ್ದ. ಇಂಥಲ್ಲಿ ಎದುರಾಳಿಗಳು ಚೆಂಡನ್ನು ವಾಪಸ್ ಕೊಡುವುದು ಪದ್ಧತಿ. ಆರ್ಸೆನಲ್‌ನ ಪಾರ್ಲರ್ ಹಾಗೆಂದೇ ಎಸೆದ. ಬದಲಿಯಾಗಿ ಇಳಿದಿದ್ದ ಕಾನು, ಏನು ನಡೆಯುತ್ತಿದೆ ಎಂದು ತಿಳಿಯದೆ, ಆ ಚೆಂಡಿನ ಹಿಂದೆ ಓಡಿದ! (ಓಡದವನು ಓಡಿದ್ದು ಇದಕ್ಕೆ.) ಒಳಗೆ ಕೊಟ್ಟ, ಓವರ್‌ಮಾರ್ಸ್ ಗೋಲು ಹೊಡೆದ. ಶೆಫೀಲ್ಡಿನವರು ಮೈದಾನ ಬಿಟ್ಟು ಹೋಗುವ ಹಂತಕ್ಕೆ ಬಂದರು. ನಿಯಮದ ಪ್ರಕಾರ ಗೋಲು ಸರಿಯೇ. ಪಂದ್ಯ ಮುಗಿದ ಕೂಡಲೇ ವೆಂಗರ್ ತಾವೇ ಮುಂದಾಗಿ, ಇದನ್ನು ಮತ್ತೆ ಆಡೋಣ ಅಂದರು. ಹತ್ತು ದಿನದ ಮೇಲೆ ಮತ್ತೆ ಆಡಿದರು, ಆರ್ಸೆನಲ್ ಮತ್ತೆ 2-1ರಲ್ಲೇ ಗೆದ್ದಿತು.

ಕಾನುವಿನ ಹೆಸರು ಹೇಳಿದರೆ ಆರ್ಸೆನಲ್‌ನವರಿಗೆ ನೆನಪಾಗುವುದು ಅದೇ ವರ್ಷದ ಅಕ್ಟೋಬರ್ 23. ಚೆಲ್ಸಿಯ ಮೈದಾನ, ಧಾರಾಕಾರ ಮಳೆ, ಚೆಂಡು ಅಲ್ಲಲ್ಲಿ ನೀರಿನಲ್ಲಿ ನಿಂತುಬಿಡುತ್ತಿತ್ತು. ಚೆಲ್ಸಿ 2-0 ಮುಂದಿತ್ತು. ಉಳಿದದ್ದು ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಕಾನು ಮೂರು ಗೋಲು ಹೊಡೆದ. ಮೊದಲೆರಡು ಬಿಡಿ. ಮೂರನೆಯದರಲ್ಲಿ, ಎಡಮೂಲೆಯಲ್ಲಿ ಚೆಲ್ಸಿಯ ರಕ್ಷಕ ಒದೆಯಲು ಹೋದ ಚೆಂಡಿಗೆ ಕಾನು ಕಾಲು ಅಡ್ಡ ಇಟ್ಟ. ಕೀಪರ್ ಎಡ್ ಡಿ ಖುಯ್ ಏನನಿಸಿತೋ ಗೋಲು ಬಿಟ್ಟು ಅಲ್ಲಿವರೆಗೂ ಓಡಿಬಂದ, ಕಾನು ಅವನನ್ನೂ ದಾಟಿದ. ಈಗ ಅವನು ನಿಂತಿರುವುದು ಹೆಚ್ಚುಕಡಿಮೆ ಕೊನೆಯ ಗೆರೆಯ ಮೇಲೆ. ಅಲ್ಲಿಂದ ಗೋಲಿನ ಬಾಯೇ ಕಾಣುವುದಿಲ್ಲ, ಕಾಣುವುದು ಕಂಬದ ಅಂಚು. ಒಳಗೆ ಡೆಸಾಯಿ, ಲೆಬೆಫ್ ಇಬ್ಬರೂ ಕಾಯುತ್ತಿದ್ದಾರೆ, ವರ್ಷದ ಹಿಂದಷ್ಟೇ ಫ್ರಾನ್ಸಿಗೆ ವಿಶ್ವಕಪ್ ಗೆದ್ದುಕೊಟ್ಟವರು. ಚೆಂಡನ್ನು ಒಳಗೆ ಇನ್ನೊಬ್ಬನಿಗೆ ಕೊಡುತ್ತಾನೆ ಅಂತ ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಅವನು ಒಂದು ಗಳಿಗೆ ತಲೆ ಎತ್ತಿ ನೋಡಿ, ಇಬ್ಬರ ತಲೆಯ ಮೇಲಿಂದ ದೂರದ ಕಂಬದ ಮೇಲ್ಮೂಲೆಗೆ ತಿರುಗಿಸಿ ಹೊಡೆದ. 3-2. ಟಿವಿ ಮುಂದೆ ನಾನು ಕಿರುಚಿದ ಸದ್ದಿಗೆ ಅಡುಗೆಮನೆಯಿಂದ ಅಮ್ಮ ಬಂದು "ಯಾರು ಔಟಾದರೋ" ಅಂತ ಕೇಳಿದರು.

ಇಂಥ ಆಟಗಾರ ಪ್ರತಿ ವಾರ ಆಡಬೇಕಿತ್ತು ಅಂತ ಅನಿಸುತ್ತದೆ. ಆಡಲಿಲ್ಲ. ಬರ್ಗ್‌ಕಾಂಪ್, ಹೆನ್ರಿ ಇದ್ದ ತಂಡ ಅದು. ಆರ್ಸೆನಲ್‌ಗೆ ಅವನು ಎಲ್ಲ ಸೇರಿ 198 ಪಂದ್ಯ ಆಡಿ 44 ಗೋಲು ಹೊಡೆದ. ಲೀಗ್ ಪಂದ್ಯಗಳಲ್ಲಿ ಹೆಚ್ಚುಕಡಿಮೆ ಅರ್ಧ ಬದಲಿಯಾಗಿ ಇಳಿದವು. ಎರಡು ಲೀಗ್ ಗೆಲುವು, ಅದರಲ್ಲಿ ಒಂದು 2003-04ರ ಒಂದೂ ಸೋಲಿಲ್ಲದ ಋತು. 1996ರಲ್ಲೂ 1999ರಲ್ಲೂ ಆಫ್ರಿಕಾದ ವರ್ಷದ ಆಟಗಾರ. ಎರಡನೆಯ ಸಲದ ಆ ಪ್ರಶಸ್ತಿ ಪಡೆದಾಗ ಅವನು ತನ್ನ ಕ್ಲಬ್ಬಿನ ಮೊದಲ ಹನ್ನೊಂದರಲ್ಲಿ ಕಾಯಂ ಕೂಡ ಅಲ್ಲ. ಪ್ರೀಮಿಯರ್ ಲೀಗಿನಲ್ಲಿ ಅತಿ ಹೆಚ್ಚು ಸಲ ಬದಲಿಯಾಗಿ ಇಳಿದವರ ಪಟ್ಟಿಯಲ್ಲಿ ಅವನ ಹೆಸರು ಮೇಲಿನ ಸಾಲಿನಲ್ಲೇ ಇರುತ್ತದೆ. ಇದನ್ನು ಸೋಲಿನ ಲೆಕ್ಕಕ್ಕೆ ಹಾಕುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ಇಪ್ಪತ್ತಕ್ಕೇ ಮನೆಗೆ ಹೋಗು ಅನ್ನಿಸಿಕೊಂಡವನು ಮೂವತ್ತೈದು ದಾಟುವವರೆಗೂ ಆಡಿದ, ಇಪ್ಪತ್ತು ನಿಮಿಷ ಸಿಕ್ಕರೆ ಇಪ್ಪತ್ತು ನಿಮಿಷ. ನಿಜವಾದ ವಯಸ್ಸು ಎಷ್ಟು ಅಂತ ಇಂಗ್ಲೆಂಡಿನಲ್ಲಿ ಅವನ ಮೇಲೆ ಮಾಡಿದ ಜೋಕುಗಳಿಗೆ ಲೆಕ್ಕವಿಲ್ಲ. ಅದೇ ವಯಸ್ಸಿಗೆ ಅದೇ ನಡಿಗೆಯಲ್ಲಿ ಆಡಿದ ಬಿಳಿಯರ ಬಗ್ಗೆ ಅಂಥ ಜೋಕು ಕೇಳಿದ ನೆನಪು ನನಗಿಲ್ಲ.

2004ರಲ್ಲಿ ವೆಸ್ಟ್ ಬ್ರಾಮ್‌ವಿಚ್‌ಗೆ ಹೋದ. ಅಲ್ಲಿ ಮಿಡಲ್ಸ್‌ಬರೋ ವಿರುದ್ಧ ಗೋಲಿನಿಂದ ಒಂದು ಗಜ ದೂರದಲ್ಲಿ ನಿಂತು ಚೆಂಡನ್ನು ಮೇಲಿನ ಅಡ್ಡಪಟ್ಟಿಯ ಆಚೆ ಒದ್ದ. ಕೆಟ್ಟ ತಪ್ಪುಗಳ ಯಾವ ವಿಡಿಯೊ ಹಾಕಿದರೂ ಅದು ಇರುತ್ತದೆ. ಎರಡು ವರ್ಷ ಬಿಟ್ಟು ಪೋರ್ಟ್ಸ್‌ಮತ್. 2008ರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಎದುರು ಸಿಕ್ಕವರು ಅದೇ ವೆಸ್ಟ್ ಬ್ರಾಮ್‌ವಿಚ್, ಪಂದ್ಯದ ಒಂದೇ ಗೋಲು ಕಾನುವಿನದು. ಮೇ 17ರ ಫೈನಲ್‌ನಲ್ಲಿ ಕಾರ್ಡಿಫ್ ವಿರುದ್ಧವೂ 1-0, ಅದೂ ಅವನದೇ. ನೈಜೀರಿಯಾದವನೇ ಆದ ಉಟಾಕಾ ಬಲಗಡೆಯಿಂದ ಕೊಟ್ಟ ಚೆಂಡನ್ನು ಕೀಪರ್ ಕೈಜಾರಿಸಿದ, ಕಾನು ಕಾಲು ಚಾಚಿದ. ಅಂದವೇನೂ ಇಲ್ಲದ ಗೋಲು. ಎರಡೇ ವರ್ಷಕ್ಕೆ ಆ ಕ್ಲಬ್ ಸಾಲದಲ್ಲಿ ಮುಳುಗಿ ಕೆಳಗಿನ ಲೀಗಿಗೆ ಜಾರಿತು. ಕಾನು 2012ರವರೆಗೂ ಅಲ್ಲೇ ಇದ್ದ.

ಈ ನಡುವೆ 2000ದಲ್ಲಿ ಅವನು ಕಾನು ಹಾರ್ಟ್ ಫೌಂಡೇಶನ್ ಶುರು ಮಾಡಿದ್ದ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುವ ಆಫ್ರಿಕಾದ ಮಕ್ಕಳನ್ನು ಹುಡುಕಿ, ಹೊರದೇಶಗಳಿಗೆ ಕಳಿಸಿ ಶಸ್ತ್ರಚಿಕಿತ್ಸೆ ಮಾಡಿಸುವ ಕೆಲಸ. ಇಂಗ್ಲೆಂಡು, ಇಸ್ರೇಲ್, ಆಮೇಲೆ ಭಾರತಕ್ಕೂ ಮಕ್ಕಳು ಬಂದರು. ಬೆಂಗಳೂರಿನ ದೊಡ್ಡ ಹೃದಯದ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಆಫ್ರಿಕಾದ ತಾಯಂದಿರು ಫೈಲು ಹಿಡಿದು ಕೂತಿರುವುದನ್ನು ಈ ಊರಿನವರು ಕಂಡೇ ಇರುತ್ತೀರಿ. ಅವರಲ್ಲಿ ಯಾರು ಯಾವ ಸಂಸ್ಥೆಯಿಂದ ಬಂದವರೋ ನಾನು ಕೇಳಲು ಹೋಗಿಲ್ಲ. ಯಾವ ಕ್ಲಬ್ಬೂ ಕೊಳ್ಳಲು ಬಾರದ ಮಗುವಿಗೂ ಎಕೊ ಆಗಬೇಕು ಅನ್ನುವುದು ಕಾನುವಿನ ಲೆಕ್ಕ, ಅದು ಮಿಲಾನಿನ ಆ ಮೇಜಿನ ಮೇಲೆ ಮಲಗಿದವನಿಗೇ ಹೊಳೆಯುವ ಲೆಕ್ಕ.

2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ನೆನಪಿದೆಯಲ್ಲ? ಅದುವರೆಗೆ ಎದೆ ಬಗ್ಗೆ ಯೋಚಿಸದ, ಜಿಮ್ಮಿಗೆ ಹೋಗುವ ಹುಡುಗರೆಲ್ಲ ಅಲ್ಲಿದ್ದರು. ಕೆಲವೇ ವಾರ ಅಷ್ಟೆ, ಆಮೇಲೆ ಸಾಲು ಕರಗಿತು. ಅದೇ ವರ್ಷದ ಜೂನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಕೋಪನ್‌ಹೇಗನ್‌ನಲ್ಲಿ ಆಡುತ್ತಿರುವಾಗಲೇ ಕುಸಿದಿದ್ದ. ಅವನೂ ಆಗ ಇಂಟರ್‌ನವನು. ಬದುಕಿದ, ಹೃದಯದ ಬಡಿತ ತಪ್ಪಿದರೆ ಸರಿಪಡಿಸುವ ಸಾಧನವನ್ನು ಎದೆಯೊಳಗೆ ಕೂರಿಸಿದರು. ಅಂಥ ಸಾಧನ ಇಟ್ಟುಕೊಂಡು ಇಟಲಿಯಲ್ಲಿ ಆಡುವಂತಿಲ್ಲ, ಹಾಗಾಗಿ ಡಿಸೆಂಬರಿನಲ್ಲಿ ಇಂಟರ್ ಜೊತೆಗಿನ ಒಪ್ಪಂದ ಮುರಿಯಿತು. ಕಾನುವಿನಂತೆಯೇ ಅವನೂ ಇಂಗ್ಲೆಂಡಿಗೆ ಹೋಗಿ ಮತ್ತೆ ಆಡಿದ. ಇಟಲಿಯವರು ತೀರಾ ಬಿಗಿ ಅಂತ ಬೈಯುವವರನ್ನು ಕೇಳಿದ್ದೇನೆ. ಕಾನುವಿನ ವಿಷಯ ಗೊತ್ತಿದ್ದ ನನಗೆ ಹಾಗೆ ಬೈಯಲು ಬಾಯಿ ಬರುವುದಿಲ್ಲ.

ನನ್ನ ಗೆಳೆಯನೊಬ್ಬ ಯುರೋಪಿನಲ್ಲಿ ಆಡಿದ ಆಫ್ರಿಕಾದ ಆಟಗಾರರ ಪಟ್ಟಿ ಮಾಡುವಾಗ ವಿಯಾ, ಎಟೊ, ದ್ರೋಗ್ಬಾ, ಯಾಯಾ ಟುರೆ, ಸಲಾ ಅಂತ ಎಣಿಸಿ ನಿಲ್ಲಿಸುತ್ತಾನೆ. ಗೋಲು ಎಣಿಸಿದರೆ ಅವನು ಹೇಳುವುದು ಸರಿಯೇ, ಕಾನು ಆ ಸಾಲಿಗೆ ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ವಿಯಾ ಮೊದಲು, ಎಟೊ ಎರಡನೆಯವನು. ಮೂರನೆಯ ಜಾಗಕ್ಕೆ ದ್ರೋಗ್ಬಾ ಬೇಕೋ ಕಾನು ಬೇಕೋ ಅನ್ನುವ ಜಗಳ ಪ್ರತಿ ಸಲವೂ ಆಗುತ್ತದೆ, ಪ್ರತಿ ಸಲವೂ ನಾನು ಫೋನು ತೆಗೆದು ಸೊಂಗೊ ಬೀಳುವುದನ್ನು ತೋರಿಸುತ್ತೇನೆ. ಅವನು ತಕ್ಷಣ ಮಿಡಲ್ಸ್‌ಬರೋ ವಿಡಿಯೊ ತೆಗೆಯುತ್ತಾನೆ.